ಗೀಚುವ ಕೈ, ಕೇಳುವ ಕಿವಿ

'ಗೀಚು' ಎಂಬ ಮಾತಿಗೆ ನಮ್ಮಲ್ಲಿ ಮರ್ಯಾದೆ ಕಡಮೆ. ಲೇಖಕನು ಬರೆಯುತ್ತಾನೆ, ಚಿತ್ರಕಾರನು ಚಿತ್ರಿಸುತ್ತಾನೆ, ಎರಡೂ ಬಾರದವನು ಗೀಚುತ್ತಾನೆ ಎಂಬುದು ಲೋಕದ ಗ್ರಹಿಕೆ. ಅಕ್ಷರ ಅಂದಗೆಟ್ಟರೆ 'ಕಾಗೆಕಾಲು ಗುಬ್ಬಿಕಾಲು' ಎಂದು ಮೂದಲಿಸುತ್ತೇವೆ. ಪಾಠದ ಹೊತ್ತಿನಲ್ಲಿ ಪುಸ್ತಕದ ಅಂಚಿಗೆ ಬಳ್ಳಿ ಸುತ್ತುತ್ತಿರುವ ಹುಡುಗ ಕಣ್ಣಿಗೆ ಬಿದ್ದರಂತೂ ಅವನ ಮನಸ್ಸು ಪಾಠದಲ್ಲಿಲ್ಲವೆಂದು ಒಡನೆಯೇ ತೀರ್ಮಾನವಾಗಿಬಿಡುತ್ತದೆ. ಅವನನ್ನು ತರಗತಿಯಿಂದ ಹೊರಗೆ ನಿಲ್ಲಿಸುವುದಕ್ಕೆ ಅಷ್ಟು ಸಾಕ್ಷ್ಯ ಸಾಕು. ವಿಚಾರಣೆಯ ಅಗತ್ಯವೇ ಇಲ್ಲ. ಈ ಆರೋಪ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ.

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹಾದಿಯಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ ಹಂಪಾಪುರವಿದೆ. ಆ ಕಡೆಯ ಒಂದು ಸಹಕಾರ ಸಂಘದ ವಾರ್ಷಿಕ ಸಭೆಗೆ ಒಮ್ಮೆ ಅತಿಥಿಯಾಗಿ ಹೋಗಿದ್ದೆ. ಜಮಾಖರ್ಚಿನ ವಾಚನ ಒಂದೇ ಶ್ರುತಿಯಲ್ಲಿ ಸಾಗಿತ್ತು. ಮುಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬರು ಅಚ್ಚಾದ ವರದಿಯನ್ನು ಮಗುಚಿಟ್ಟುಕೊಂಡು, ಅದರ ಹಿಂಬದಿಯಲ್ಲಿ ಚುಕ್ಕಿಯಿಟ್ಟು ರಂಗೋಲಿಯ ಎಳೆ ಎಳೆಯುತ್ತಿದ್ದರು. ಅಧ್ಯಕ್ಷರು ಎರಡು ಬಾರಿ ಅವರತ್ತ ದುರುಗುಟ್ಟಿ ನೋಡಿದ್ದೂ ಉಂಟು. ವಾಚನ ಮುಗಿದ ಮೇಲೆ ಆಕೆ ಎದ್ದು, "ಅಧ್ಯಕ್ಷರೇ, ಪಶು ಆಹಾರದ ಬಾಕಿ ಎರಡು ಸಲ ಓದ್ಬುಟ್ರಲ್ಲ, ಮೊತ್ತದಲ್ಲೂ ಎರಡು ಸಲ ಸೇರ್ಕಂಡದಾ?" ಎಂದು ಕೇಳಿದರು. ಸೇರಿಕೊಂಡಿತ್ತು. ವೇದಿಕೆಯ ಮೇಲೆ ದೃಷ್ಟಿ ನೆಟ್ಟು ಗಂಭೀರವಾಗಿ ಕುಳಿತಿದ್ದ ಸದಸ್ಯರಲ್ಲಿ ಒಬ್ಬರಿಗೂ ಅದು ಕಿವಿಗೆ ಬಿದ್ದಿರಲಿಲ್ಲ.

ಒಂದು ನಿದರ್ಶನದಿಂದ ಸಿದ್ಧಾಂತ ಕಟ್ಟುವುದು ತರವಲ್ಲ. ಆಕೆ ಲೆಕ್ಕದಲ್ಲಿ ಚುರುಕಾಗಿದ್ದವರೇ ಇರಬಹುದು. ಆದರೆ ಈ ವಿಷಯವನ್ನು ಪ್ರಯೋಗಕ್ಕೆ ಒಡ್ಡಿದವರೂ ಇದ್ದಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಸರಳವಾದದ್ದು. ಬೇರೊಂದು ಪರೀಕ್ಷೆಯನ್ನು ಆಗತಾನೆ ಮುಗಿಸಿ, ಮನೆಗೆ ಹೋದರೆ ಸಾಕೆನ್ನುತ್ತಿದ್ದ 40 ಮಂದಿಯನ್ನು ಅವರು ಆರಿಸಿಕೊಂಡರು. ಎರಡೂವರೆ ನಿಮಿಷದ ಒಂದು ನೀರಸ ದೂರವಾಣಿ ಸಂದೇಶವನ್ನು ಅವರಿಗೆ ಕೇಳಿಸಲಾಯಿತು. ಒಂದು ಸಂತೋಷಕೂಟಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಹರಟೆ ಅದು. ನಡುನಡುವೆ ಕೆಲವು ಊರುಗಳ ಹೆಸರು. ಬರುವವರ ಹೆಸರನ್ನಷ್ಟೇ ಗುರುತು ಹಾಕಿಕೊಳ್ಳಬೇಕು. ಅರ್ಧದಷ್ಟು ಜನಕ್ಕೆ, ಹಾಳೆಯ ಮೇಲೆ ಅಚ್ಚಾಗಿದ್ದ ಚೌಕ, ವೃತ್ತಗಳೊಳಗೆ ಪೆನ್ಸಿಲಿನಿಂದ ಬಣ್ಣ ತುಂಬುತ್ತಿರಲು ಹೇಳಲಾಗಿತ್ತು; ಉಳಿದವರು ಬರಿದೆ ಕೇಳಿದರು. ಕಡೆಗೆ ಮುನ್ಸೂಚನೆಯಿಲ್ಲದೆ ಜ್ಞಾಪಕದ ಪರೀಕ್ಷೆ. ಬರಿದೆ ಕೇಳಿದವರು ಹೆಸರು, ಊರು ಸೇರಿ ಸರಾಸರಿ 5.8ನ್ನು ನೆನಪಿಸಿಕೊಂಡರೆ, ಕೈಯಾಡಿಸುತ್ತ ಕೇಳಿದವರು 7.5ನ್ನು ನೆನಪಿಸಿಕೊಂಡರು, ಅಂದರೆ ಶೇಕಡ 29ರಷ್ಟು ಹೆಚ್ಚು.

ಕಾರಣವೇನು? ಬೇಸರಗೊಂಡ ಮನಸ್ಸು ಸುಮ್ಮನೆ ಕೂರುವುದಿಲ್ಲ. ಅದು ಹಗಲುಗನಸಿಗೆ ಹೊರಡುತ್ತದೆ. ಹಗಲುಗನಸನ್ನು ನಾವು ಸೋಮಾರಿಯ ವಿಶ್ರಾಂತಿ ಎಂದುಕೊಂಡಿದ್ದರೆ ಅದು ಸರಿಯಲ್ಲ. ಮಗಳ ಮದುವೆ, ಮನೆಯ ಸಾಲ, ನೆನ್ನೆ ಆಡಿದ ಮಾತಿಗೆ ಇಂದು ಹೊಳೆದ ಮರುಮಾತು, ಇವುಗಳನ್ನೆಲ್ಲ ಒಳಗೊಳಗೇ ಕಟ್ಟುವುದು ಮಿದುಳಿಗೆ ದೊಡ್ಡ ದುಡಿಮೆ. ನಾವು ಹೊರಗಿನ ಕೆಲಸದಲ್ಲಿ ತೊಡಗಿದಾಗ ತಗ್ಗಿ, ಸುಮ್ಮನಿದ್ದಾಗ ಚುರುಕಾಗುವ ಭಾಗಗಳು ಮಿದುಳಿನಲ್ಲಿವೆಯೆಂದು ಅಮೆರಿಕದ ಮಾರ್ಕಸ್ ರೈಕ್ಲ್ ಮತ್ತು ಅವರ ಸಂಗಡಿಗರು 2001ರಲ್ಲಿ ವಿವರಿಸಿದರು. ಮನಸ್ಸು ಆ ಕಡೆಗೆ ಪೂರ್ತಿ ವಾಲಿದರೆ ಭಾಷಣ ಬರಿಯ ಸದ್ದಾಗುತ್ತದೆ. ಗೀಚುವ ಕೈ ಮನಸ್ಸಿನ ಒಂದು ಚೂರನ್ನು ಮಾತ್ರ ಬೇಡುತ್ತದೆ. ಕನಸಿಗೆ ಹೊರಡದಂತೆ ಹಿಡಿದಿಡಲು ಅದು ಸಾಕು. ಕಿವಿಯ ಪಾಲನ್ನು ಕಸಿದುಕೊಳ್ಳುವಷ್ಟಲ್ಲ. ಆಂಡ್ರೇಡ್ ಕೊಡುವ ವಿವರಣೆ ಸ್ಥೂಲವಾಗಿ ಇದೇ. ಆದರೆ ಕೇಳುಗರ ಹಗಲುಗನಸನ್ನು ಅವರು ಅಳೆದು ನೋಡಿರಲಿಲ್ಲವಾದುದರಿಂದ ಇದನ್ನು ಸಮಂಜಸವಾದ ಊಹೆ ಎನ್ನಬೇಕೇ ಹೊರತು ಸಾಧಿತವಾದ ಸತ್ಯವೆನ್ನಲಾಗದು.

ನಮ್ಮ ಹಿರಿಯರಿಗೆ ಇದರ ಸುಳಿವು ಇತ್ತೆಂದು ನನಗನ್ನಿಸುತ್ತದೆ. ಪುರಾಣ ಕೇಳಲು ಕುಳಿತ ಹೆಂಗಸರ ಕೈಯಲ್ಲಿ ಹತ್ತಿಯಿರುತ್ತಿತ್ತು. ಕಥೆ ಮುಗಿಯುವಷ್ಟರಲ್ಲಿ ಮುಂದಿನ ಹಬ್ಬಕ್ಕಾಗುವಷ್ಟು ಬತ್ತಿ ಹೊಸೆದಾಗುತ್ತಿತ್ತು. ಪುರಾಣಿಕರು ಅದನ್ನು ಅಗೌರವವೆಂದು ಭಾವಿಸಿದ್ದನ್ನು ನಾನು ಕಂಡಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತ ರೇಡಿಯೊ ಕೇಳುವವರನ್ನು ನೋಡಿದ್ದೇನೆ. ರೇಡಿಯೊದ ಶ್ರೋತೃವಿಗೆ ಕೈಕಟ್ಟಿ ಕೂರಬೇಕೆಂಬ ಕಟ್ಟಳೆ ಎಂದೂ ಇರಲಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಎಂಬ ಹೆಸರನ್ನು ಹೊತ್ತದ್ದೂ ಅದೇ ನಿಲಯ. ಕಿವಿಗೂ ಮನಸ್ಸಿಗೂ ಇರುವ ನಂಟನ್ನು ಬಲ್ಲವರಿಂದಲೇ ಆ ಕೆಲಸ ಮೊದಲಾಯಿತೆಂಬುದು ನನಗೆ ಪ್ರಿಯವಾದ ಸಂಗತಿ.

ಇಷ್ಟನ್ನು ಕೇಳಿ ವಿದ್ಯಾರ್ಥಿಗಳು ಹಿಗ್ಗುವ ಮುನ್ನ ಇನ್ನೊಂದು ಮಾತು. ಆಂಡ್ರೇಡರ ಪ್ರಯೋಗದಲ್ಲಿ ಇದ್ದದ್ದು ಕಲ್ಪನೆಯನ್ನೇ ಬೇಡದ, ಅಚ್ಚಿನ ಆಕೃತಿಗೆ ಬಣ್ಣ ತುಂಬುವ ಕೆಲಸ. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಸಂಶೋಧಕರು ಮನಬಂದಂತೆ ಗೀಚುವುದು, ಕೇಳಿದ್ದನ್ನು ಬರೆಯುವುದು, ಕೇಳಿದ್ದನ್ನೇ ಚಿತ್ರವಾಗಿ ಬಿಡಿಸುವುದು ಈ ಮೂರನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಮನಬಂದಂತೆ ಗೀಚಿದ್ದರಿಂದ ನೆನಪಿಗೆ ಲಾಭವೇನೂ ಕಾಣಲಿಲ್ಲ. ಕೇಳಿದ್ದನ್ನು ಚಿತ್ರವಾಗಿಸಿದ್ದರಿಂದ ಕಂಡಿತು. ಗೀಚುವುದು ಜ್ಞಾಪಕಶಕ್ತಿಯ ಲೇಹ್ಯವಲ್ಲ; ಹೆಚ್ಚೆಂದರೆ ತೂಕಡಿಕೆಯ ಕಾವಲುಗಾರ. ಚಿತ್ರವೇ ಕಣ್ಣನ್ನೂ ಕಲ್ಪನೆಯನ್ನೂ ಸೆಳೆದುಕೊಳ್ಳತೊಡಗಿದರೆ ಕಾವಲುಗಾರನೇ ಕನ್ನ ಹಾಕಿದಂತೆ. ಮೈಸೂರಿನವರಾದ ಆರ್. ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳನ್ನೆಲ್ಲ ಚಿತ್ರದಿಂದ ತುಂಬಿದವರು. ಶಾಲೆಯಲ್ಲಿ ಉಪಾಧ್ಯಾಯರ ಮುಖವನ್ನೂ ಬಿಟ್ಟವರಲ್ಲ. ಅದು ಗೀಚುವಿಕೆಯಲ್ಲ, ಕಸುಬಿನ ಅಭ್ಯಾಸ. ಉಪಾಧ್ಯಾಯರ ಮೂಗಿನ ಓರೆಯನ್ನು ಹಿಡಿಯುತ್ತಿರುವವನಿಗೆ ಅವರ ವ್ಯಾಕರಣ ಎಷ್ಟು ಕೇಳಿಸೀತು? ಕನ್ನಡದ 'ಕೊರವಂಜಿ'ಗೂ ಆಮೇಲೆ ದೇಶಕ್ಕೂ ಅದರಿಂದ ಲಾಭವಾಯಿತೆಂಬುದು ಬೇರೆಯ ಮಾತು.

ಕನ್ನಡ ಪಾಠದಲ್ಲಿ ವಾಟರ್ಲೂ ಮಾದರಿಯ ಗೀಚುವಿಕೆಯೊಂದು ನಮಗೆ ಹಿಂದಿನಿಂದಲೂ ಬಂದಿದೆ. ಅದು ಛಂದಸ್ಸಿನ ಪ್ರಸ್ತಾರ. ಭಾಮಿನೀ ಷಟ್ಪದಿಯನ್ನು ಗಟ್ಟಿಯಾಗಿ ಓದುತ್ತ ಹೋದರೆ ವಿದ್ಯಾರ್ಥಿಯ ಪೆನ್ಸಿಲು ಅಕ್ಷರಗಳ ನೆತ್ತಿಯ ಮೇಲೆ ಲಘುವಿಗೊಂದು ಬಟ್ಟಲು, ಗುರುವಿಗೊಂದು ಗೆರೆ ಎಳೆಯುತ್ತ, ಮೂರು ನಾಲ್ಕು ಮೂರು ನಾಲ್ಕು ಎಂದು ಮಾತ್ರೆಗಳನ್ನು ಕಡಿಯುತ್ತದೆ. ದೂರದಿಂದ ಕಂಡವರಿಗೆ ಅದೂ ಕಾಗೆಕಾಲೇ. ಆದರೆ ಕೈ ಅಲ್ಲಿ ಕಿವಿಯ ಬೆನ್ನಿಗೇ ನಡೆಯುತ್ತಿರುತ್ತದೆ. ಹಾಗೆ ಗುರುತು ಹಾಕಿಕೊಂಡವರಿಗೆ ಪದ್ಯ ಬಾಯಿಗೆ ಬರುತ್ತಿತ್ತು ಎಂಬುದು ತರಗತಿಯ ಅನುಭವ; ಅಂಕಿ ಅಂಶಗಳನ್ನು ಯಾರೂ ಕಲೆಹಾಕಿಲ್ಲ.

'ಅವಧಾನ' ಎಂದರೆ ಗಮನ. ಅಷ್ಟಾವಧಾನದಲ್ಲಿ ಪೃಚ್ಛಕರು ಎಂಟು ಕಡೆಯಿಂದ ಕಾಡುತ್ತಿರುವಾಗ ಪದ್ಯ ಕಟ್ಟುತ್ತಲೇ ಗಂಟೆಯ ಬಡಿತಗಳನ್ನೂ ಎಣಿಸಿಕೊಳ್ಳುವ ಶಕ್ತಿ ಶತಾವಧಾನಿ ಗಣೇಶರಂಥವರಿಗೆ ಸಾಧನೆಯಿಂದ ಬಂದದ್ದು. ಅದು ತುಂಬಿ ಹರಿಯುವ ಗಮನದ ವಿದ್ಯೆ. ನಾನು ಹೇಳುತ್ತಿರುವುದು ಬತ್ತುತ್ತಿರುವ ಗಮನದ ಮಾತು; ಅದಕ್ಕೆ ಬೇಕಾದದ್ದು ಒಂದು ಸಣ್ಣ ಒಡ್ಡು ಮಾತ್ರ.

ಉಪಾಧ್ಯಾಯನಾದವನು ಗೀಚುವವನನ್ನು ಗದರಿಸುವ ಮೊದಲು ಆಗತಾನೆ ಹೇಳಿದ್ದನ್ನು ಅವನ ಬಾಯಿಂದ ಕೇಳಿ ನೋಡುವುದು ನ್ಯಾಯ. ಕರಿಹಲಗೆಯನ್ನೋ ಭೂಪಟವನ್ನೋ ನೋಡಲೇಬೇಕಾದ ಪಾಠದಲ್ಲಿ ಮಾತ್ರ ಪೆನ್ನು ಕೆಳಗಿಡಿಸಬೇಕಾದೀತು. ಕಣ್ಣು ಎರಡು ಕಡೆ ದುಡಿಯಲಾರದು.

ಈಚೆಗೆ ಸಭೆಗಳಲ್ಲಿ ಬೇಸರಗೊಂಡ ಕೈ ಪೆನ್ನನ್ನು ಹುಡುಕುವುದಿಲ್ಲ, ಮೊಬೈಲನ್ನು ಹುಡುಕುತ್ತದೆ. ಅದೂ ಇದೂ ಒಂದೇ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಳ್ಳಿಗೆ ಭಾಷೆಯಿಲ್ಲ. ಮೊಬೈಲಿನಲ್ಲಿರುವುದು ಮಾತು, ವೇದಿಕೆಯ ಮೇಲಿರುವುದೂ ಮಾತು. ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದಾಗ ಒಂದು ಹೊರಗೇ ಉಳಿಯುತ್ತದೆ, ಸಾಮಾನ್ಯವಾಗಿ ವೇದಿಕೆಯದು. ಸಭೆಯ ತಿಳಿವಳಿಕೆ ಪತ್ರ, ಜಮಾಖರ್ಚಿನ ತಖ್ತೆಗಳು ಸಹ ಎಷ್ಟೋ ಕಡೆ ಈಗ ಮೊಬೈಲಿಗೇ ಬರುತ್ತವೆ. ಚುಕ್ಕಿಯಿಡುವುದಕ್ಕೆ ಅವುಗಳಿಗೆ ಹಿಂಬದಿಯಿಲ್ಲ.