ಎಳೆಗೂಸಿನ ದದ್ದಿಗೆ ಮನೆಯ ಎಣ್ಣೆ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಮೊದಲು ತಂದಿರಿಸತಕ್ಕ ಸಾಮಗ್ರಿಗಳಲ್ಲಿ ಎಣ್ಣೆಯೂ ಒಂದಾಗಿರುವುದು ನಮ್ಮ ನಾಡಿನ ಬಹುಕಾಲದ ವಾಡಿಕೆ. ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಒಂದೇ ಶಬ್ದವು ಎಣ್ಣೆಯನ್ನೂ ಸೂಚಿಸುತ್ತದೆ, ಪ್ರೀತಿಯನ್ನೂ ಸೂಚಿಸುತ್ತದೆ. ‘ತೈಲ’ವೆಂದರೆ ತಿಲದಿಂದ, ಎಂದರೆ ಎಳ್ಳಿನಿಂದ, ಬಂದದ್ದು, ನಮ್ಮ ‘ಎಣ್ಣೆ’ಯೂ ‘ಎಳ್’ ಮತ್ತು ‘ನೆಯ್’ ಎಂಬೆರಡು ಶಬ್ದಗಳ ಕೂಡಿಕೆಯೇ. ಹೀಗೆ ಎಳ್ಳಿನ ಹೆಸರನ್ನು ಹೊತ್ತು ಹೊರಟ ಶಬ್ದವು ಕಾಲಕ್ರಮದಲ್ಲಿ ತೆಂಗು, ಹರಳು, ಕುಸುಬೆ, ಸಾಸಿವೆ, ಕಡಲೆಕಾಯಿ, ಬೇವು ಇವೆಲ್ಲವುಗಳ ಜಿಡ್ಡಿಗೂ ಸಾಮಾನ್ಯನಾಮವಾಯಿತು. ಹೆಸರು ಒಂದಾದ ಮಾತ್ರಕ್ಕೆ ಗುಣವೂ ಒಂದೇ ಎಂದು ಭಾವಿಸುವುದರಿಂದ ಎಳೆಗೂಸುಗಳಿಗೆ ಆಗುವ ತೊಂದರೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಲು ಇಚ್ಛಿಸುತ್ತೇವೆ.

ಮಗುವಿನ ತೊಡೆಸಂದುಗಳೂ ಪೃಷ್ಠಭಾಗವೂ ಕೆಂಪಾಗಿ, ದದ್ದು ಎದ್ದು, ಮುಟ್ಟಿದರೆ ಕೂಸು ಚೀರುವ ಉಪದ್ರವವನ್ನು ಕಾಣದ ಮನೆ ವಿರಳ. ಲಂಗೋಟಿ ಕಟ್ಟುವ ಮನೆಯಲ್ಲಿಯೂ ಡೈಪರ್ ತೊಡಿಸುವ ಮನೆಯಲ್ಲಿಯೂ ಇದು ಉಂಟು. ಇಂತಹ ಸಮಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳಾಗುವುದುಂಟು. “ಕೊಬ್ಬರಿ ಎಣ್ಣೆಗಿಂತ ಮಿಗಿಲಾದ ಔಷಧಿ ಯಾವುದು?” ಎಂದು ಹಿರಿಯರು ಕೇಳುವರು, “ಎಣ್ಣೆಯೆಲ್ಲವೂ ಹಳೆಯ ಕಾಲದ ಮೌಢ್ಯ” ಎಂದು ಕಿರಿಯರು ಅಂಗಡಿಯ ಕೊಳವೆಯ ಮುಲಾಮನ್ನು ಹಿಡಿದು ನಿಲ್ಲುವರು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಎಣ್ಣೆಯು ಬೇಲಿಯೇ ಹೊರತು ಪೊರಕೆಯಲ್ಲ. ಕಸವನ್ನು ಗುಡಿಸಿದ ಮೇಲೆ ಬೇಲಿ ಕಟ್ಟಿದರೆ ಹಿತ. ಕಸವನ್ನು ಒಳಗಿರಿಸಿಕೊಂಡು ಬೇಲಿ ಕಟ್ಟಿದರೆ ಅಹಿತ. ನಾವು ಹೇಳತಕ್ಕ ಸಾರವೆಲ್ಲವೂ ಇಷ್ಟೇ.

ರೋಗದ ಕಾರಣ

ಈ ಉಪದ್ರವವು ಹೊಸದೇನೂ ಅಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಎಣಿಸುವಾಗ ‘ಅಹಿಪೂತನ’ವೆಂಬ ಶಿಶುರೋಗವು ಹೇಳಲ್ಪಟ್ಟಿದೆ. ಮಲಮೂತ್ರಗಳು ತಗುಲಿದ ಅಂಗವನ್ನು ತೊಳೆಯದೆ ಬಿಡುವುದರಿಂದಲೂ ಬೆವರಿನಿಂದಲೂ ಇದು ಹುಟ್ಟುವುದೆಂದು ಅಲ್ಲಿಯ ತಾತ್ಪರ್ಯ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇದನ್ನೇ ತಾಮ್ರವರ್ಣದ, ತುರಿಕೆಯುಳ್ಳ ವ್ರಣವೆಂದು ವರ್ಣಿಸಿ, ಕೆಲವರು ಇದನ್ನು ಮಾತೃಕಾದೋಷವೆಂದೂ ಕೆಲವರು ಅನಾಮಿಕವೆಂದೂ ಕರೆಯುವರೆಂದು ತಿಳಿಸಿದ್ದಾನೆ. ಹೆಸರುಗಳು ಎಷ್ಟೇ ಇರಲಿ, ಕಾರಣವು ಮಾತ್ರ ತೊಳೆಯದ ಮಲವೇ ಎಂದು ಪ್ರಾಚೀನರು ನಿಸ್ಸಂದೇಹವಾಗಿ ಕಂಡುಕೊಂಡಿದ್ದರೆಂಬುದು ಗಮನಾರ್ಹ.

ಇಂದಿನ ವೈದ್ಯಶಾಸ್ತ್ರವು ಇದೇ ಕಾರಣವನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಬಹಳ ಹೊತ್ತು ಬಟ್ಟೆ ಒಗೆದ ಕೈಬೆರಳುಗಳು ಹೇಗೆ ಬೆಳ್ಳಗೆ ನೆನೆದು ಮೆದುವಾಗುವುವೋ ಹಾಗೆಯೇ ಒದ್ದೆಯ ಬಟ್ಟೆಯೊಳಗಿನ ಚರ್ಮವೂ ನೆನೆದು ಮೆದುವಾಗುತ್ತದೆ. ಆಗ ಬಟ್ಟೆಯ ತಿಕ್ಕಾಟವನ್ನು ಅದು ತಾಳಲಾರದು. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲಗುಣವುಳ್ಳದ್ದು. ಮೂತ್ರದೊಳಗಿನ ಯೂರಿಯಾ ಎಂಬ ಪದಾರ್ಥವನ್ನು ಮಲದೊಳಗಿನ ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ಇದರಿಂದ ಆಮ್ಲಗುಣವು ಅಳಿದು ಕ್ಷಾರಗುಣವು ಬರುತ್ತದೆ. ಕ್ಷಾರವಾದೊಡನೆ, ಅನ್ನವನ್ನು ಜೀರ್ಣಿಸಲೆಂದು ಕರುಳಿನಲ್ಲಿ ಹುಟ್ಟಿ ಮಲದೊಡನೆ ಹೊರಬಂದ ಪಾಚಕರಸಗಳು ಚುರುಕಾಗಿ, ಮಗುವಿನ ಚರ್ಮವನ್ನೇ ಜೀರ್ಣಿಸತೊಡಗುತ್ತವೆ. ಆದುದರಿಂದ ಮಲವೂ ಮೂತ್ರವೂ ಬೆರೆತು ನಿಂತಾಗ ಕೇಡು ಹೆಚ್ಚು. ಭೇದಿಯಾದಾಗ ಇನ್ನೂ ಹೆಚ್ಚು. ಮೊಲೆಹಾಲನ್ನೇ ಕುಡಿಯುವ ಕೂಸುಗಳ ಮಲವು ಅಷ್ಟು ಕ್ಷಾರವಲ್ಲವಾದ್ದರಿಂದ ಅವಕ್ಕೆ ಈ ಬಾಧೆ ಕಡಿಮೆ. ಅನ್ನಾಹಾರ ರೂಢಿಯಾಗುತ್ತಿರುವ ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿನಲ್ಲಿ ಇದು ಅಧಿಕವಾಗಿ ಕಾಣಿಸುವುದು.

ಎಣ್ಣೆಗಳ ಗುಣಾಗುಣ

ಚರ್ಮದ ಹೊರಪದರವನ್ನು ಒಂದು ಗೋಡೆಗೆ ಹೋಲಿಸಬಹುದು. ಅದರ ಕೋಶಗಳು ಇಟ್ಟಿಗೆಗಳಿದ್ದಂತೆ. ಅವುಗಳ ನಡುವಣ ಕೊಬ್ಬಿನಂಶವು ಗಾರೆಯಿದ್ದಂತೆ. ಎಣ್ಣೆಯು ಮೇಲೆ ತೆಳುವಾದ ಪೊರೆಯಾಗಿ ನಿಂತು ನೀರನ್ನು ತಡೆಯುತ್ತದೆ. ಅಲ್ಲದೆ ಅದರ ಅಂಶವು ಗಾರೆಯೊಳಕ್ಕೂ ಇಳಿಯುತ್ತದೆ. ಈ ಎರಡನೆಯ ಕಾರ್ಯದಲ್ಲಿಯೇ ಎಣ್ಣೆಗಳ ಭೇದವು ತೋರುವುದು. ಲಿನೋಲಿಕ್ ಆಮ್ಲವು ಹೆಚ್ಚಾಗಿರುವ ಎಣ್ಣೆಯು ಗಾರೆಗೆ ಬಲವನ್ನು ಕೊಡುವುದು. ಓಲಿಕ್ ಆಮ್ಲವು ಹೆಚ್ಚಾಗಿರುವ ಎಣ್ಣೆಯು ಗಾರೆಯನ್ನು ಸಡಿಲಗೊಳಿಸುವುದು. ಚರ್ಮಕ್ಕೆ ಹಚ್ಚಿದ್ದು ಚರ್ಮದಲ್ಲಿಯೇ ಉಳಿಯುವುದೆಂದೂ ತಿಳಿಯಬಾರದು. ನಮ್ಮ ದೇಶದಲ್ಲಿ ೧೨೦ ಎಳೆಗೂಸುಗಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೈಗೆ ತಿಕ್ಕಿದ ಕುಸುಬೆ ಎಣ್ಣೆಯ ಮತ್ತು ಕೊಬ್ಬರಿ ಎಣ್ಣೆಯ ಅಂಶಗಳು ಕೂಸುಗಳ ರಕ್ತದಲ್ಲಿಯೂ ಕಂಡುಬಂದುವು.

ಕೊಬ್ಬರಿ ಎಣ್ಣೆ ನಮ್ಮ ಕರಾವಳಿಯಲ್ಲಿಯೂ ತಿಪಟೂರಿನ ಸೀಮೆಯಲ್ಲಿಯೂ ಸುಲಭವಾಗಿ ದೊರೆಯುವಂಥದು. ಇದರಲ್ಲಿ ಸುಮಾರು ಅರ್ಧಭಾಗವು ಲಾರಿಕ್ ಆಮ್ಲ. ಓಲಿಕ್ ಅಂಶವು ಅತ್ಯಲ್ಪ. ಇಸಬಿನಂತಹ ಬೇರೊಂದು ಚರ್ಮರೋಗದಿಂದ ನರಳುತ್ತಿದ್ದ ೧೧೭ ಮಕ್ಕಳ ಮೇಲೆ ಫಿಲಿಪೈನ್ಸ್ ದೇಶದಲ್ಲಿ ಎಂಟು ವಾರ ಪರೀಕ್ಷೆ ನಡೆಸಿ, ಖನಿಜತೈಲಕ್ಕಿಂತ ಶುದ್ಧ ತೆಂಗಿನೆಣ್ಣೆಯೇ ಮೇಲೆಂದು ೨೦೧೪ರಲ್ಲಿ ಪ್ರಕಟಿಸಿದರು. ಅದು ಬೇರೆ ರೋಗವಾದರೂ, ಎಳೆಯ ಚರ್ಮಕ್ಕೆ ಈ ಎಣ್ಣೆಯು ಒಗ್ಗುವುದೆಂಬುದಕ್ಕೆ ಆಧಾರವಾಯಿತು. ತೆಂಗಿನ ಹಾಲನ್ನು ಕಾಯಿಸಿ ತೆಗೆದ ಎಣ್ಣೆಯನ್ನು ಕೂಸಿನ ಮೈಗೆ ಹಚ್ಚುವ ಕೇರಳದ ಪದ್ಧತಿಯು ಆದರಣೀಯವಾದುದು.

ಕುಸುಬೆ ಮತ್ತು ಸೂರ್ಯಕಾಂತಿ ಎಣ್ಣೆಗಳು ಲಿನೋಲಿಕ್ ಆಮ್ಲದಿಂದ ಸಮೃದ್ಧವಾದುವು. ಢಾಕಾ ನಗರದ ಶಿಶು ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಹಚ್ಚಿ ನೋಡಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳು ಶೇಕಡಾ ೪೧ರಷ್ಟು ಕಡಿಮೆಯಾದುವೆಂದು ೨೦೦೫ರಲ್ಲಿ ವರದಿಯಾಯಿತು. ಚರ್ಮವೆಂಬ ಗೋಡೆ ಬಲಗೊಂಡುದೇ ಇದಕ್ಕೆ ಕಾರಣವೆಂದು ವೈದ್ಯರು ಊಹಿಸಿದರು. ಉತ್ತರ ಕರ್ನಾಟಕದವರು ತಮ್ಮ ಗಾಣದ ಕುಸುಬೆ ಎಣ್ಣೆಯನ್ನು ಅಡಿಗೆಗೆ ಮಾತ್ರವೆಂದು ತಾತ್ಸಾರ ಮಾಡಬೇಕಾದುದಿಲ್ಲ. ಆದರೂ ಅತಿಯಾಗಬಾರದು. ಮ್ಯಾಂಚೆಸ್ಟರಿನಲ್ಲಿ ೧೧೫ ಆರೋಗ್ಯವಂತ ಶಿಶುಗಳಿಗೆ ನಾಲ್ಕು ವಾರ ಆಲಿವ್ ಇಲ್ಲವೆ ಸೂರ್ಯಕಾಂತಿ ಎಣ್ಣೆಯನ್ನು ಹಚ್ಚಿ ಪರೀಕ್ಷಿಸಿದಾಗ, ಚರ್ಮದ ತೇವವೇನೋ ಹೆಚ್ಚಿತು. ಆದರೆ ಗಾರೆಯ ಕ್ರಮಬದ್ಧವಾದ ಜೋಡಣೆಯು ಎಣ್ಣೆ ಹಚ್ಚದ ಕೂಸುಗಳಲ್ಲಿದ್ದಷ್ಟು ಚೆನ್ನಾಗಿ ಬೆಳೆಯಲಿಲ್ಲವೆಂದು ೨೦೧೬ರಲ್ಲಿ ತಿಳಿದುಬಂದಿತು. ಓಲಿಕ್ ಆಮ್ಲವೇ ಪ್ರಧಾನವಾದ ಆಲಿವ್ ಎಣ್ಣೆಯನ್ನು ಬೆಲೆ ಹೆಚ್ಚೆಂಬ ಕಾರಣದಿಂದ ಶ್ರೇಷ್ಠವೆಂದು ಎಣಿಸುವುದು ಸರಿಯಲ್ಲ. ಎಳ್ಳೆಣ್ಣೆಯಲ್ಲಿ ಎರಡು ಆಮ್ಲಗಳೂ ಹೆಚ್ಚುಕಡಿಮೆ ಸಮಾನವಾಗಿರುವುದರಿಂದ ಅದು ಮಧ್ಯಮ. ಹರಳೆಣ್ಣೆಯು ಗಟ್ಟಿಯಾಗಿ ಅಂಟಿ ನಿಲ್ಲುವುದರಿಂದ ಒಳ್ಳೆಯ ಬೇಲಿ. ಸತುವಿನ ಆಕ್ಸೈಡನ್ನು ಹರಳೆಣ್ಣೆಯಲ್ಲಿ ಕಲಸಿದ ಮುಲಾಮನ್ನು ಇಂಗ್ಲೆಂಡಿನ ತಾಯಂದಿರು ತಲೆಮಾರುಗಳಿಂದ ಇದೇ ದದ್ದಿಗೆ ಬಳಸುತ್ತ ಬಂದಿದ್ದಾರೆ.

ಇನ್ನು ವರ್ಜ್ಯವಾದುವನ್ನು ಹೇಳುವೆವು. ಸಾಸಿವೆ ಎಣ್ಣೆಯಲ್ಲಿ ಉರಿಯನ್ನುಂಟುಮಾಡುವ ತೀಕ್ಷ್ಣಾಂಶವಿದೆ. ಕೆಂಪಾದ ಚರ್ಮಕ್ಕೆ ಅದು ಗಾಯದ ಮೇಲೆ ಉಪ್ಪು. ಕಡಲೆಕಾಯಿ ಎಣ್ಣೆ ಊಟಕ್ಕೆ ಉತ್ತಮವಾದರೂ ಬಿರಿದ ಚರ್ಮಕ್ಕೆ ಬೇಡ. ಶಿಶುಗಳ ದದ್ದಿನ ಮೇಲೆ ಕಡಲೆಕಾಯಿ ಎಣ್ಣೆ ಬೆರೆತ ಮುಲಾಮುಗಳನ್ನು ಹಚ್ಚುವುದಕ್ಕೂ ಮುಂದೆ ಆ ಮಕ್ಕಳಿಗೆ ಕಡಲೆಕಾಯಿ ಒಗ್ಗದೆ ಹೋಗುವುದಕ್ಕೂ ಸಂಬಂಧವು ಇಂಗ್ಲೆಂಡಿನ ವೈದ್ಯರಿಗೆ ಕಂಡುಬಂದು, ೨೦೦೩ರಲ್ಲಿ ಪ್ರಕಟವಾಯಿತು. ಬೇವಿನೆಣ್ಣೆಯನ್ನು ಕೂಸುಗಳಿಗೆ ಕುಡಿಸಿದ್ದರಿಂದ ವಾಂತಿ, ಮಂಪರು, ಸೆಳವು ಉಂಟಾದ ಪ್ರಸಂಗಗಳನ್ನು ಮಲೇಷ್ಯಾದ ವೈದ್ಯರು ೧೯೮೧ರಲ್ಲಿ ವರದಿ ಮಾಡಿದರು; ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಶಿಶುವಿನ ಬಳಿ ಅದು ಇರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರವನ್ನು ಕರಗಿಸಿ ಹಚ್ಚುವ ರೂಢಿಯನ್ನು ಕೂಸಿನ ವಿಷಯದಲ್ಲಿ ಸರ್ವಥಾ ಬಿಡತಕ್ಕದ್ದು. ಕರ್ಪೂರವು ಚರ್ಮದ ಮೂಲಕವೂ ಮೈಯೊಳಗೆ ಸೇರಿ ಎಳೆಯ ಮಕ್ಕಳಿಗೆ ಸೆಳವನ್ನು ತರಬಲ್ಲುದು. ನೀಲಗಿರಿ ಮೊದಲಾದ ಸುಗಂಧತೈಲಗಳಿಗೂ ಇದೇ ನಿಷೇಧ. ಗಿಡದಿಂದ ಬಂದುದೆಲ್ಲವೂ ಸೌಮ್ಯವಲ್ಲ, ವತ್ಸನಾಭಿಯೂ ಗಿಡವೇ.

ಪ್ರಯೋಗಕ್ರಮ

ಮಲವಾದೊಡನೆ ಬಟ್ಟೆಯನ್ನು ತೆಗೆಯಬೇಕು. ಒದ್ದೆಯಾದ ಬಟ್ಟೆಯನ್ನೂ ತಡಮಾಡದೆ ಬದಲಾಯಿಸಬೇಕು. ಡೈಪರ್ ತುಂಬುವವರೆಗೆ ಕಾಯುವುದು ಹಣದ ಉಳಿತಾಯವಾಗಬಹುದು, ಚರ್ಮದ ಉಳಿತಾಯವಲ್ಲ. ಬೆಚ್ಚಗಿನ ನೀರಿನಿಂದಲೂ ಮೃದುವಾದ ಹತ್ತಿಯ ಬಟ್ಟೆಯಿಂದಲೂ ಮೆಲ್ಲಗೆ ತೊಳೆಯಬೇಕು. ಎಣ್ಣೆಯ ಜಿಡ್ಡು ಹೋಗಲೆಂದು ಕಡಲೆಹಿಟ್ಟನ್ನಾಗಲಿ ಸೀಗೆಪುಡಿಯನ್ನಾಗಲಿ ದದ್ದಿನ ಮೇಲೆ ತಿಕ್ಕಬಾರದು. ಬಳಿಕ ಒರಸದೆ, ಒತ್ತಿ ಒತ್ತಿ ನೀರನ್ನು ಹೀರಿಸಿ, ಕೂಸನ್ನು ಸ್ವಲ್ಪ ಹೊತ್ತು ಬಟ್ಟೆಯಿಲ್ಲದೆ ಗಾಳಿಯಾಡುವಂತೆ ಮಲಗಿಸಬೇಕು. ಗಾಳಿಗೆ ಸಮನಾದ ಔಷಧಿಯಿಲ್ಲ. ಅದಕ್ಕೆ ಬೆಲೆಯೂ ಇಲ್ಲ.

ಚರ್ಮವು ಪೂರ್ತಿ ಒಣಗಿದ ಮೇಲೆಯೇ ಎಣ್ಣೆ. ಒದ್ದೆಯ ಮೇಲೆ ಹಚ್ಚಿದ ಎಣ್ಣೆಯು ತೇವವನ್ನು ಒಳಗೆ ಬಂಧಿಸುವುದು. ನಾಲ್ಕೈದು ತೊಟ್ಟುಗಳನ್ನು ತೊಳೆದ ಕೈಗೆ ಹಾಕಿಕೊಂಡು, ಉಜ್ಜದೆ, ತೆಳುವಾಗಿ ಸವರಿದರೆ ಸಾಕು. ಹೆಚ್ಚು ಹಚ್ಚಿದರೆ ಬಟ್ಟೆಯು ಎಣ್ಣೆಯನ್ನು ಹೀರಿ, ನೀರನ್ನು ಹೀರುವ ಶಕ್ತಿಯನ್ನು ಕಳೆದುಕೊಳ್ಳುವುದು. ಮೊದಲ ಸಲ ಹಚ್ಚುವ ಎಣ್ಣೆಯನ್ನು ಕೂಸಿನ ತೋಳಿನ ಮೇಲೆ ಕಾಸಿನಗಲ ಸವರಿ ಒಂದು ದಿನ ನೋಡುವುದು ಒಳ್ಳೆಯದು. ಎಣ್ಣೆಯು ಹೊಸದಾಗಿರಲಿ, ಕಮಟು ಬಂದುದಾಗಲಿ, ಬಾಣಲೆಯಲ್ಲಿ ಕರಿದು ಉಳಿದುದಾಗಲಿ ಬೇಡ. ಕೂಸಿಗೆಂದು ಒಂದು ಸಣ್ಣ ಸೀಸೆಯನ್ನು ಬೇರೆಯಾಗಿಯೇ ಇಟ್ಟು, ಅದರೊಳಗೆ ಬೆರಳನ್ನು ಅದ್ದದೆ ಸುರಿದುಕೊಳ್ಳಬೇಕು. ದದ್ದು ಆಗಲೇ ಕೆಂಡದಂತೆ ಕೆಂಪಾಗಿದ್ದರೆ ಎಣ್ಣೆಯ ಬೇಲಿ ತೆಳುವಾಯಿತು. ಸತುವಿನ ಆಕ್ಸೈಡಿನ ದಪ್ಪ ಮುಲಾಮೇ ಆಗ ಯೋಗ್ಯ. ಅದನ್ನು ಕೊಳ್ಳಲು ಹಿರಿಯರು ಹಿಂಜರಿಯಬೇಕಾದುದಿಲ್ಲ.

ವೈದ್ಯರಲ್ಲಿಗೆ ಹೋಗತಕ್ಕ ಸಮಯ

ಎರಡು ಮೂರು ದಿನ ಈ ಕ್ರಮವನ್ನು ನಡೆಸಿಯೂ ಗುಣ ಕಾಣದಿದ್ದರೆ ಎಣ್ಣೆಯನ್ನು ಬದಲಾಯಿಸುತ್ತ ಕಾಲ ಕಳೆಯಬಾರದು. ಸಾಮಾನ್ಯವಾದ ದದ್ದು ಬಟ್ಟೆ ತಾಗುವ ಉಬ್ಬುಗಳ ಮೇಲೆ ಬರುವುದು, ಮಡಿಕೆಗಳ ಆಳವನ್ನು ಬಿಡುವುದು. ಮಡಿಕೆಗಳ ಒಳಗೂ ಹೊಳೆಯುವ ಕೆಂಪು ಹರಡಿ, ಅದರ ಅಂಚಿನಾಚೆ ಸಣ್ಣ ಸಣ್ಣ ಕೆಂಪು ಬೊಟ್ಟುಗಳು ಚೆದರಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸವೆಂದು ಶಂಕಿಸಬೇಕು. ಭೇದಿಯಾದ ಮೇಲೆ ಅಥವಾ ಆಂಟಿಬಯೋಟಿಕ್ ಔಷಧಿಯನ್ನು ಕುಡಿಸಿದ ಮೇಲೆ ಇದು ಬರುವುದು ಹೆಚ್ಚು. ಲಾರಿಕ್ ಆಮ್ಲವು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಈ ಶಿಲೀಂಧ್ರವನ್ನು ಕೊಲ್ಲುವುದು ನಿಜ. ಆದರೆ ತಟ್ಟೆ ಬೇರೆ, ಕೂಸಿನ ತೊಡೆ ಬೇರೆ. ಇದಕ್ಕೆ ಶಿಲೀಂಧ್ರನಾಶಕ ಮುಲಾಮೇ ಬೇಕು. ಕೀವು, ಬೊಬ್ಬೆ, ರಕ್ತ, ಜ್ವರ ಇವುಗಳಲ್ಲಿ ಒಂದು ಕಂಡರೂ, ತಿಂಗಳು ತುಂಬದ ಕೂಸಿಗೆ ಗುಳ್ಳೆಗಳೆದ್ದರೂ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಅಂಗಡಿಯವನನ್ನು ಕೇಳಿ ತರುವ ಮುಲಾಮುಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯಕ. ಸ್ಟಿರಾಯಿಡ್ ಬೆರೆತ ಮುಲಾಮುಗಳು ಕೆಂಪನ್ನು ಕ್ಷಣದಲ್ಲಿ ಅಡಗಿಸಿ ಗುಣವಾದಂತೆ ತೋರಿಸುತ್ತವೆ. ಆದರೆ ಅವು ಎಳೆಯ ಚರ್ಮವನ್ನು ತೆಳುವಾಗಿಸುತ್ತವೆ, ಬಿಗಿದ ಡೈಪರಿನ ಒಳಗೆ ಇನ್ನೂ ಹೆಚ್ಚಾಗಿ ಮೈಗೆ ಇಳಿಯುತ್ತವೆ. ವೈದ್ಯರ ಅಪ್ಪಣೆಯಿಲ್ಲದೆ ಇವನ್ನು ಮುಟ್ಟಬಾರದು. ಎಣ್ಣೆಯನ್ನು ಹಳೆಯದೆಂದು ಹಳಿದು, ಇಂತಹ ಹೊಸದನ್ನು ಕಣ್ಣುಮುಚ್ಚಿ ಹಚ್ಚುವುದು ವಿವೇಕವಲ್ಲ.

ಮನೆಯ ಹಿರಿಯರ ಕೈಯ ಎಣ್ಣೆಯ ಬಟ್ಟಲಿಗೂ ತಾಯಿಯ ಕೈಯ ಮುಲಾಮಿಗೂ ವಿರೋಧವಿರಬೇಕಾದುದಿಲ್ಲ. ದಿನದಿನದ ರಕ್ಷಣೆಗೆ ಮೊದಲನೆಯದು, ರೋಗವು ಬಲಿತಾಗ ಎರಡನೆಯದು. ಎರಡಕ್ಕೂ ಮುಂಚೆ ನೀರು, ಒಣಬಟ್ಟೆ, ಗಾಳಿ. ಮಾತನಾಡಲಾರದ ಕೂಸು ತನ್ನ ನೋವನ್ನು ಅಳುವಿನಿಂದಲ್ಲದೆ ಬೇರೆ ವಿಧದಿಂದ ಹೇಳಲಾರದು. ಆ ಅಳುವನ್ನು ಕೇಳಿದಾಗ ಮೊದಲು ಎಣ್ಣೆಯ ಸೀಸೆಯ ಕಡೆಗೆ ಕೈ ಹೋಗದೆ ಒದ್ದೆಯ ಬಟ್ಟೆಯ ಕಡೆಗೆ ಹೋಗಲೆಂಬುದೇ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ.