ಮುಖ ಬದಲಾದರೂ ಪಾತ್ರ ಉಳಿಯಿತು

ವಾರವಾರವೂ ಮನೆಯೊಳಗೆ ಬರುವ ಪಾತ್ರವು ಕ್ರಮೇಣ ಮನೆಯ ಹಿರಿಯನಂತಾಗುತ್ತದೆ. ಆ ಮುಖವು ಒಮ್ಮೆಲೇ ಬದಲಾದರೆ ಪ್ರೇಕ್ಷಕನು ಮುನಿಯುವುದು ಸಹಜ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ‘ಡಾಕ್ಟರ್ ಹೂ’ ಧಾರಾವಾಹಿಯು ಇದಕ್ಕೆ ಉತ್ತಮ ನಿದರ್ಶನ.

1963ರ ನವೆಂಬರ್ 23ರಂದು ಆರಂಭವಾದ ಈ ಧಾರಾವಾಹಿಯಲ್ಲಿ, ಕಾಲ-ದೇಶಗಳನ್ನು ದಾಟಿ ಸಂಚರಿಸುವ ‘ಡಾಕ್ಟರ್’ ಪಾತ್ರವನ್ನು ವಿಲಿಯಂ ಹಾರ್ಟ್‌ನೆಲ್ ವಹಿಸಿದ್ದರು. ಮಕ್ಕಳಿಗೆ ಅವರು ಅಚ್ಚುಮೆಚ್ಚಿನ ಅಜ್ಜ. ಆದರೆ ರಕ್ತನಾಳಗಳು ಪೆಡಸಾಗುವ ವ್ಯಾಧಿಯು ಅವರನ್ನು ಬಾಧಿಸಿತು. ಸಂಭಾಷಣೆಯು ನೆನಪಿನಿಂದ ಜಾರತೊಡಗಿತು. ಮಿದುಳಿಗೆ ಹರಿಯುವ ರಕ್ತವು ಕುಂದಿದಾಗ ಸ್ಮರಣಶಕ್ತಿ ಕುಗ್ಗುವುದು, ಸಿಡುಕು ಹೆಚ್ಚುವುದು ಅಪರೂಪವಲ್ಲ.

1966ರ ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ, ಬಳಲಿದ ಡಾಕ್ಟರ್ ನೆಲಕ್ಕೊರಗಿ ಹೊಸ ದೇಹವನ್ನು ತಾಳಿದನು. ಆ ಹೊಸ ಮುಖ ಪ್ಯಾಟ್ರಿಕ್ ಟ್ರೌಟನ್ ಅವರದು. ವಿಜ್ಞಾನಿಯು ವಿದೂಷಕನಾದನೆಂದು ಕೆಲವು ಪ್ರೇಕ್ಷಕರು ಗೊಣಗಿದರು. ಟ್ರೌಟನ್ ಹಿಂದಿನವರನ್ನು ಅನುಕರಿಸದೆ, ತಮ್ಮದೇ ರೀತಿಯಲ್ಲಿ ನಟಿಸಿ, 1969ರವರೆಗೆ ಪಾತ್ರವನ್ನು ನಡೆಸಿದರು. ಅಂದಿನಿಂದ ಅನೇಕರು ಆ ವೇಷ ತೊಟ್ಟಿದ್ದಾರೆ. 2017ರಲ್ಲಿ ಜೋಡಿ ವಿಟೇಕರ್ ಎಂಬ ನಟಿಯನ್ನು ಆರಿಸಿದಾಗಲೂ ಹರ್ಷ, ಆಕ್ಷೇಪಗಳೆರಡೂ ಕೇಳಿಬಂದವು.

ಹಾರ್ಟ್‌ನೆಲ್ ಅವರನ್ನು ಬಿ.ಬಿ.ಸಿ. ಮರೆಯಲಿಲ್ಲ. 1972-73ರ ವಿಶೇಷ ಕಥೆಯೊಂದರಲ್ಲಿ, ಫಲಕಗಳ ಮೇಲೆ ಬರೆದ ಮಾತುಗಳನ್ನು ಓದುತ್ತ ಅವರು ಕೊನೆಯ ಬಾರಿ ಡಾಕ್ಟರ್ ಆದರು. 1975ರಲ್ಲಿ ಕಾಲವಶರಾದರು.

ಒಬ್ಬನೇ ಕರ್ಣನನ್ನು ಹಲವು ಕಲಾವಿದರಲ್ಲಿ ಕಂಡು ಮೆಚ್ಚಿದ ಯಕ್ಷಗಾನ ಪ್ರೇಕ್ಷಕರಿಗೆ ಈ ತತ್ತ್ವವು ಹೊಸದೇನಲ್ಲ. ಮೆಚ್ಚಿನ ನಟನು ಅಸ್ವಸ್ಥನಾದಾಗ ಅವನಿಗೆ ವಿಶ್ರಾಂತಿಯನ್ನು ಹಾರೈಸುವುದೂ ಅಭಿಮಾನವೇ ಅಲ್ಲವೇ?