ಏನು ಬೇಕು ಎಂದು ಕೇಳುವುದಕ್ಕೂ ಸರ್ಟಿಫಿಕೇಟ್ ಬೇಕೆ?

1993ರ ಸೆಪ್ಟೆಂಬರ್ 14ರಂದು ಫ್ರಾಂಕ್‌ಫರ್ಟ್‌ನಿಂದ ಹೊರಟಿದ್ದ ಲುಫ್ತಾನ್ಸಾ ಸಂಸ್ಥೆಯ ಏರ್‌ಬಸ್ ಎ320 ವಿಮಾನ ಪೋಲೆಂಡಿನ ವಾರ್ಸಾ ನಿಲ್ದಾಣದಲ್ಲಿ ಇಳಿಯುತ್ತಿತ್ತು. ಮಳೆಯಿಂದ ರನ್‌ವೇ ಒದ್ದೆಯಾಗಿತ್ತು. ಅಡ್ಡಗಾಳಿ ಇದೆ ಎಂಬ ಮಾಹಿತಿಯಂತೆ ಪೈಲಟ್‌ಗಳು ವಿಮಾನವನ್ನು ತುಸು ವಾಲಿಸಿ, ವೇಗ ಹೆಚ್ಚಿಸಿಕೊಂಡು ಇಳಿಸಿದರು. ಬಲಗಡೆಯ ಚಕ್ರಗಳು ಮೊದಲು ನೆಲ ಮುಟ್ಟಿದವು. ಎಡಗಡೆಯವು ಮುಟ್ಟಿದ್ದು ಸುಮಾರು 9 ಸೆಕೆಂಡುಗಳ ನಂತರ.

ಆ 9 ಸೆಕೆಂಡು ವೇಗ ತಗ್ಗಿಸುವ ಮುಖ್ಯ ಸಾಧನಗಳು ಕೆಲಸ ಮಾಡಲಿಲ್ಲ. ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳು ಏಳಲಿಲ್ಲ. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್‌ಗಳೂ ತೆರೆಯಲಿಲ್ಲ. ವಿಮಾನ ರನ್‌ವೇ ದಾಟಿ ಆಚೆಯ ಮಣ್ಣಿನ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ 70 ಜನರಲ್ಲಿ ಇಬ್ಬರು ಸತ್ತರು.

ಕಂಪ್ಯೂಟರ್ ಕೆಟ್ಟಿತ್ತೇ? ಇಲ್ಲ, ಅದು ತನಗೆ ಹೇಳಿದ್ದನ್ನೇ ಮಾಡಿತ್ತು. ವಿಮಾನ ಗಾಳಿಯಲ್ಲಿರುವಾಗ ರಿವರ್ಸರ್ ತೆರೆದುಕೊಂಡರೆ ಅನಾಹುತ. 1991ರಲ್ಲಿ ಥಾಯ್ಲೆಂಡ್‌ನ ಆಕಾಶದಲ್ಲಿ ಲೌಡಾ ಏರ್ ವಿಮಾನಕ್ಕೆ ಹಾಗೆಯೇ ಆಗಿ 223 ಜನ ಪ್ರಾಣ ಕಳೆದುಕೊಂಡಿದ್ದರು. ಹಾಗಾಗಿ 'ವಿಮಾನ ನೆಲ ಮುಟ್ಟುವ ತನಕ ಇವು ತೆರೆಯಬಾರದು' ಎಂಬ ನಿಯಮ ಸರಿಯಾಗಿಯೇ ಇತ್ತು. ಆದರೆ 'ನೆಲ ಮುಟ್ಟಿದೆ' ಎಂದರೇನು? ಎರಡೂ ಕಡೆಯ ಮುಖ್ಯ ಚಕ್ರಗಳ ಮೇಲೆ ನಿಗದಿತ ಭಾರ ಬಿದ್ದಿರಬೇಕು ಎಂದು ಬರೆಯಲಾಗಿತ್ತು. ಸ್ಪಾಯ್ಲರ್‌ಗಳಿಗೆ ಇನ್ನೊಂದು ದಾರಿಯೂ ಇತ್ತು: ಚಕ್ರಗಳು ನಿಗದಿತ ವೇಗದಲ್ಲಿ ತಿರುಗುತ್ತಿದ್ದರೂ ಸಾಕು. ಅಂದು ಭಾರ ಒಂದೇ ಕಡೆ ಬಿದ್ದಿತ್ತು, ನೀರಿನ ಪದರದ ಮೇಲೆ ಜಾರುತ್ತಿದ್ದ ಚಕ್ರ ಬೇಕಾದಷ್ಟು ತಿರುಗಲಿಲ್ಲ. ಮನುಷ್ಯರ ಕಣ್ಣಿಗೆ ವಿಮಾನ ಇಳಿದಿತ್ತು, ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಇಳಿದಿರಲಿಲ್ಲ.

ಅಪಘಾತಕ್ಕೆ ಇದೊಂದೇ ಕಾರಣವಲ್ಲ. ಗಾಳಿಯ ದಿಕ್ಕು ಬದಲಾಗಿತ್ತು, ಪೈಲಟ್‌ಗಳ ನಿರ್ಧಾರಗಳನ್ನೂ ತನಿಖೆ ಎತ್ತಿ ತೋರಿಸಿತು. ಆದರೂ ಸಾಫ್ಟ್‌ವೇರ್ ಕಲಿಸುವವರು ಈ ಘಟನೆಯನ್ನು ಇಂದಿಗೂ ಹೇಳುತ್ತಾರೆ. ಕಾರಣ, ಇಲ್ಲಿ ಕೋಡ್ ತಪ್ಪಿರಲಿಲ್ಲ. ಕೋಡ್ ಬರೆಯುವ ಮೊದಲು ಬರೆದ ಷರತ್ತು ಅಂದಿನ ರನ್‌ವೇಗೆ ಹೊಂದಲಿಲ್ಲ.

ರಿಕ್ವೈರ್‌ಮೆಂಟ್ಸ್ ಇಂಜಿನಿಯರಿಂಗ್ ಎಂದರೇನು?

ಒಂದು ವ್ಯವಸ್ಥೆ ಏನು ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು, ಯಾವ ಮಿತಿಯೊಳಗೆ ಮಾಡಬೇಕು ಎಂಬುದನ್ನು ಕಂಡುಕೊಂಡು, ಬರೆದಿಟ್ಟು, ಸರಿಯೇ ಎಂದು ಪರೀಕ್ಷಿಸಿ, ಬದಲಾದಂತೆ ನಿಭಾಯಿಸುವ ಕೆಲಸಕ್ಕೆ ಈ ಹೆಸರು. ಕೆಲವು ಕಂಪನಿಗಳಲ್ಲಿ ಇದನ್ನು ಮಾಡುವವರು ಬಿಸಿನೆಸ್ ಅನಲಿಸ್ಟ್, ಕೆಲವೆಡೆ ಪ್ರಾಡಕ್ಟ್ ಓನರ್, ಕಾರು ಮತ್ತು ವಿಮಾನದ ಕಡೆ ಸಿಸ್ಟಮ್ಸ್ ಇಂಜಿನಿಯರ್.

ಒಂದು ಚಿಕ್ಕ ಉದಾಹರಣೆ ನೋಡೋಣ. ಆಸ್ಪತ್ರೆಯೊಂದರ ಹೊರರೋಗಿ ವಿಭಾಗಕ್ಕೆ ಟೋಕನ್ ಕೊಡುವ ಸಾಫ್ಟ್‌ವೇರ್ ಬೇಕು ಎಂದುಕೊಳ್ಳಿ. ಆಡಳಿತದವರು ಹೇಳುತ್ತಾರೆ: 'ಹಿರಿಯ ನಾಗರಿಕರನ್ನು ಮೊದಲು ಕರೆಯಬೇಕು.' ಕೇಳುವುದಕ್ಕೆ ಸ್ಪಷ್ಟವಾಗಿಯೇ ಇದೆ. ಈಗ ಪ್ರಶ್ನೆ ಕೇಳುತ್ತ ಹೋಗಿ. ಹಿರಿಯರು ಎಂದರೆ 60ರ ಮೇಲೋ, 65ರ ಮೇಲೋ? ವಯಸ್ಸಿನ ದಾಖಲೆ ತರದವರಿಗೆ ಏನು? ಸಾಲಾಗಿ ಹತ್ತು ಜನ ಹಿರಿಯರು ಬಂದರೆ, ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿ ಹತ್ತು ಜನವೂ ಮುಗಿಯುವ ತನಕ ಕಾಯಬೇಕೇ? ಎದೆನೋವು ಎಂದು ಬಂದ 40ರ ವ್ಯಕ್ತಿಯನ್ನು ಮುಂದೆ ಬಿಡುವ ಅಧಿಕಾರ ಯಾರಿಗೆ, ಕೌಂಟರಿನವರಿಗೋ, ನರ್ಸ್‌ಗೋ?

ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದರೂ ಅವುಗಳಿಗೆ ಉತ್ತರ ಸಿಕ್ಕೇ ಸಿಗುತ್ತದೆ. ಕೋಡ್ ಬರೆಯುವ ಹುಡುಗನೋ ಹುಡುಗಿಯೋ ತಮಗೆ ತೋಚಿದ್ದನ್ನು ಬರೆದುಬಿಡುತ್ತಾರೆ. ಆಸ್ಪತ್ರೆಯ ನೀತಿಯನ್ನು, ಆಸ್ಪತ್ರೆಯನ್ನೇ ನೋಡದ ಒಬ್ಬರು ತಮಗೂ ತಿಳಿಯದಂತೆ ನಿರ್ಧರಿಸಿಬಿಟ್ಟಿರುತ್ತಾರೆ.

'ಬೇಕು' ಎಂಬ ಪದದ ತೊಂದರೆ

ಸಂವಹನ ಶಾಸ್ತ್ರದ ಮೊದಲ ಪಾಠಗಳಲ್ಲೊಂದು: ಹೇಳಿದವರ ಮನಸ್ಸಿನಲ್ಲಿದ್ದ ಅರ್ಥವೇ ಕೇಳಿದವರ ಮನಸ್ಸಿಗೂ ಬಂತು ಎನ್ನುವಂತಿಲ್ಲ. ಇದಕ್ಕೆ ನಮ್ಮ 'ಬೇಕು' ಒಳ್ಳೆಯ ಉದಾಹರಣೆ. 'ಒಂದು ಕಾಫಿ ಬೇಕು', 'ಬದುಕಲು ನೀರು ಬೇಕು', 'ತೆರಿಗೆ ಕಟ್ಟಬೇಕು' – ಮೊದಲನೆಯದು ಆಸೆ, ಎರಡನೆಯದು ಅಗತ್ಯ, ಮೂರನೆಯದು ಕಡ್ಡಾಯ. ಪದ ಒಂದೇ.

ರಿಕ್ವೈರ್‌ಮೆಂಟ್ ದಾಖಲೆಗಳ ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಕಟ್ಟುಪಾಡಿದೆ. 'ಶಲ್' ಎಂದಿದ್ದರೆ ಕಡ್ಡಾಯ, 'ಶುಡ್' ಎಂದಿದ್ದರೆ ಇದ್ದರೆ ಒಳ್ಳೆಯದು, 'ವಿಲ್' ಎಂದಿದ್ದರೆ ಬರೀ ಸಂಗತಿಯ ಹೇಳಿಕೆ. ಐಎಸ್‌ಒ/ಐಇಸಿ/ಐಇಇಇ 29148 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಈ ಬಗೆಯ ಬಳಕೆಯನ್ನು ಹೇಳುತ್ತದೆ. ಅದು ಮೊದಲು ಬಂದದ್ದು 2011ರಲ್ಲಿ, ಪರಿಷ್ಕರಣೆಯಾದದ್ದು 2018ರಲ್ಲಿ. ಗ್ರಾಹಕರು ಕನ್ನಡದಲ್ಲಿ 'ಬೇಕು' ಎಂದು ಹೇಳಿದ್ದನ್ನು ದಾಖಲೆಗೆ ಇಂಗ್ಲಿಷಿನಲ್ಲಿ ಇಳಿಸುವವರು ಪ್ರತಿ ಸಲವೂ ಈ ಮೂರರಲ್ಲಿ ಒಂದನ್ನು ಆರಿಸುತ್ತಿರುತ್ತಾರೆ. ವಿಚಾರಿಸಿ ಆರಿಸಿದರೆ ಸರಿ, ಊಹಿಸಿ ಆರಿಸಿದರೆ ಜಗಳ ಮುಂದಿದೆ ಎಂದರ್ಥ.

ಸರ್ಟಿಫಿಕೇಟ್ ಕೊಡುವವರು ಯಾರು?

ಈ ಕೆಲಸಕ್ಕೆಂದೇ ಇರುವ ಹೆಸರಾಂತ ಪ್ರಮಾಣಪತ್ರ ಸಿಪಿಆರ್‌ಇ, ಅಂದರೆ ಸರ್ಟಿಫೈಡ್ ಪ್ರೊಫೆಷನಲ್ ಫಾರ್ ರಿಕ್ವೈರ್‌ಮೆಂಟ್ಸ್ ಇಂಜಿನಿಯರಿಂಗ್. ಇದರ ಹಿಂದಿರುವುದು ಐಆರ್‌ಇಬಿ ಎಂಬ ಲಾಭರಹಿತ ಸಂಸ್ಥೆ. 2006ರಲ್ಲಿ ಜರ್ಮನಿಯಲ್ಲಿ ಶುರುವಾದ ಇದರಲ್ಲಿ ವಿಶ್ವವಿದ್ಯಾಲಯದವರೂ ಇದ್ದಾರೆ, ಉದ್ಯಮದವರೂ ಇದ್ದಾರೆ.

ಇಲ್ಲಿ ಮೂರು ಕೆಲಸಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಪಠ್ಯಕ್ರಮ ರೂಪಿಸುವುದು ಐಆರ್‌ಇಬಿ, ತರಬೇತಿ ಕೊಡುವವರು ಬೇರೆ, ಪರೀಕ್ಷೆ ನಡೆಸುವವರು ಬೇರೆ. ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು, 75 ನಿಮಿಷ ಸಮಯ. ಪಾಸಾಗಲು ಶೇ 70 ಅಂಕ ಬೇಕು. ಇದಕ್ಕೆ ಕೆಲಸದ ಅನುಭವ ಕಡ್ಡಾಯವಲ್ಲ, ತರಬೇತಿಯೂ ಕಡ್ಡಾಯವಲ್ಲ. ಒಮ್ಮೆ ಪಾಸಾದರೆ ಈ ಹಂತದ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೂ ಇಲ್ಲ. ಮುಂದಿನ ಅಡ್ವಾನ್ಸ್‌ಡ್ ಹಂತದಲ್ಲಿ ಅಗತ್ಯಗಳನ್ನು ಹೊರತೆಗೆಯುವುದು, ಚಿತ್ರರೂಪದಲ್ಲಿ ಮಾದರಿ ಬರೆಯುವುದು, ನಿರ್ವಹಿಸುವುದು, ಅಜೈಲ್ ತಂಡಗಳಲ್ಲಿ ಇದನ್ನು ಮಾಡುವುದು ಎಂಬ ಬೇರೆ ಬೇರೆ ವಿಭಾಗಗಳಿವೆ. ಎಲ್ಲಕ್ಕಿಂತ ಮೇಲಿನದು ಎಕ್ಸ್‌ಪರ್ಟ್ ಹಂತ, ಅದಕ್ಕೆ ಅನುಭವವನ್ನು ತೋರಿಸಬೇಕು.

ಹತ್ತಿರದ ಇತರ ಪ್ರಮಾಣಪತ್ರಗಳೂ ಇವೆ. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾದ ಐಐಬಿಎ ಕೊಡುವ ಸಿಬಿಎಪಿ ಅವುಗಳಲ್ಲೊಂದು. ಕಳೆದ 10 ವರ್ಷಗಳಲ್ಲಿ 7,500 ಗಂಟೆಗಳ ಬಿಸಿನೆಸ್ ಅನಾಲಿಸಿಸ್ ಕೆಲಸ ಮಾಡಿದವರು ಮಾತ್ರ ಅದಕ್ಕೆ ಅರ್ಜಿ ಹಾಕಬಹುದು. ಪಿಎಂಐ ಸಂಸ್ಥೆಯ ಪಿಬಿಎ ಕೂಡ ಅನುಭವ ಕೇಳುತ್ತದೆ. ಹಾಗಾಗಿ 'ಸರ್ಟಿಫಿಕೇಟ್ ಇದೆ' ಎನ್ನುವ ಮಾತು ಒಂದೇ ಆದರೂ ಅದರ ತೂಕ ಒಂದೇ ಅಲ್ಲ. ಒಂದು ಓದಿದ್ದನ್ನು ಅಳೆಯುತ್ತದೆ, ಇನ್ನೊಂದು ಮಾಡಿದ್ದನ್ನೂ ಕೇಳುತ್ತದೆ.

ಓದಿದರೆ ಏನು ಸಿಗುತ್ತದೆ?

ಮೊದಲ ಲಾಭ, ಎಲ್ಲರಿಗೂ ಒಂದೇ ಪದಕೋಶ. ಬೆಂಗಳೂರಿನ ತಂಡ, ಮ್ಯೂನಿಕ್‌ನ ಗ್ರಾಹಕ, ಬೇರೊಂದು ಊರಿನ ಪರೀಕ್ಷಕರು 'ಕನ್‌ಸ್ಟ್ರೇಂಟ್' ಎಂಬ ಪದಕ್ಕೆ ಒಂದೇ ಅರ್ಥ ಕೊಟ್ಟರೆ ಅರ್ಧ ಇಮೇಲ್‌ಗಳು ಉಳಿಯುತ್ತವೆ. ಸಿಪಿಆರ್‌ಇ ಪಠ್ಯ ಅಗತ್ಯಗಳನ್ನು ಮೂರು ಬಗೆಯಾಗಿ ನೋಡುತ್ತದೆ. ನಮ್ಮ ಆಸ್ಪತ್ರೆಯಲ್ಲಿ 'ಟೋಕನ್ ಕೊಡಬೇಕು' ಎನ್ನುವುದು ಕಾರ್ಯ. 'ಗುಂಡಿ ಒತ್ತಿದ 2 ಸೆಕೆಂಡಿನೊಳಗೆ ಕೊಡಬೇಕು' ಎನ್ನುವುದು ಗುಣಮಟ್ಟ. 'ಈಗಿರುವ ಹಳೆಯ ಪ್ರಿಂಟರನ್ನೇ ಬಳಸಬೇಕು' ಎನ್ನುವುದು ಮಿತಿ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಉಳಿದೆರಡು ಮರೆತುಹೋಗುತ್ತವೆ.

ಎರಡನೆಯದು, ಹೇಳದೇ ಉಳಿದದ್ದನ್ನು ಹುಡುಕುವ ಅಭ್ಯಾಸ. ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಕೊಟ್ಟ ಮಾದರಿಯನ್ನು ಇಲ್ಲಿ ಕಲಿಸುತ್ತಾರೆ. ಗ್ರಾಹಕರು ಕೆಲವನ್ನು ಬಾಯಿಬಿಟ್ಟು ಕೇಳುತ್ತಾರೆ. ಕೆಲವು ಅವರಿಗೇ ಹೊಳೆದಿರುವುದಿಲ್ಲ, ಸಿಕ್ಕಾಗ ಖುಷಿಪಡುತ್ತಾರೆ. ಇನ್ನು ಕೆಲವು 'ಇದ್ದೇ ಇರುತ್ತದೆ' ಎಂದು ಅವರು ಹೇಳದೇ ಬಿಟ್ಟವು, ಇಲ್ಲದಿದ್ದರೆ ಮಾತ್ರ ಸಿಟ್ಟಾಗುತ್ತಾರೆ. ಕರೆಂಟು ಹೋಗಿ ಬಂದರೆ ಟೋಕನ್ ಸಂಖ್ಯೆ ಮತ್ತೆ ಒಂದರಿಂದ ಶುರುವಾಗಬಾರದು ಎಂದು ಯಾವ ಆಸ್ಪತ್ರೆಯವರೂ ಹೇಳಲಾರರು. ಇಂಥವನ್ನು ಸಂದರ್ಶನದಲ್ಲಿ ಕೇಳಿ ಪಡೆಯುವುದು ಕಷ್ಟ. ಕೌಂಟರಿನ ಪಕ್ಕ ಒಂದು ಬೆಳಗ್ಗೆ ನಿಂತು ನೋಡಿದರೆ ಸಿಗುತ್ತವೆ.

ಮೂರನೆಯದು, ಹೊರಗಿನ ಲೋಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಬ್ರಿಟನ್ನಿನ ಸಾಫ್ಟ್‌ವೇರ್ ತಜ್ಞ ಮೈಕೆಲ್ ಜಾಕ್ಸನ್ (ಗಾಯಕನಲ್ಲ, ಅದೇ ಹೆಸರಿನ ಇನ್ನೊಬ್ಬರು) 'ಜಗತ್ತು' ಮತ್ತು 'ಯಂತ್ರ' ಎಂದು ಬೇರೆ ಮಾಡಿ ನೋಡಲು ಹೇಳಿದರು. ನಮಗೆ ಬೇಕಾದ ಫಲ ಜಗತ್ತಿನಲ್ಲಿದೆ: ವಿಮಾನ ನಿಲ್ಲಬೇಕು. ಯಂತ್ರಕ್ಕೆ ಕಾಣುವುದು ಭಾರ ಮತ್ತು ಚಕ್ರದ ತಿರುಗುವಿಕೆ ಮಾತ್ರ. ಇವೆರಡರ ನಡುವೆ 'ವಿಮಾನ ಇಳಿದರೆ ಎರಡೂ ಕಡೆ ಭಾರ ಬೀಳುತ್ತದೆ, ಇಲ್ಲವೇ ಚಕ್ರ ತಿರುಗುತ್ತದೆ' ಎಂಬ ಊಹೆ ಇದೆ. ವಾರ್ಸಾದಲ್ಲಿ ಆ 9 ಸೆಕೆಂಡು ಕೈಕೊಟ್ಟದ್ದು ಈ ಊಹೆ. ಊಹೆಯನ್ನು ಬರೆದಿಟ್ಟರೆ, 'ಒದ್ದೆ ರನ್‌ವೇಯಲ್ಲೂ ಇದು ನಿಜವೇ?' ಎಂದು ಯಾರಾದರೂ ಕೇಳುವ ಅವಕಾಶವಾದರೂ ಇರುತ್ತದೆ.

ಕೆಲವು ನಂಬಿಕೆಗಳು, ಕೆಲವು ವಾಸ್ತವಗಳು

*'ರಿಕ್ವೈರ್‌ಮೆಂಟ್ ತಪ್ಪನ್ನು ಆಮೇಲೆ ಸರಿಮಾಡಲು 100 ಪಟ್ಟು ಖರ್ಚು.'* ತರಬೇತಿ ಜಾಹೀರಾತುಗಳಲ್ಲಿ ಕಾಣುವ ಈ ಸಂಖ್ಯೆಯ ಮೂಲ ಅಮೆರಿಕದ ಬ್ಯಾರಿ ಬೋಮ್ 1981ರಲ್ಲಿ ಬರೆದ ಪುಸ್ತಕ. ಆದರೆ ಅವರು ಅದನ್ನು ಹೇಳಿದ್ದು ದೊಡ್ಡ ಯೋಜನೆಗಳ ಬಗ್ಗೆ. ಸಣ್ಣ ಯೋಜನೆಗಳಲ್ಲಿ ವ್ಯತ್ಯಾಸ ಬಹಳ ಕಡಿಮೆ ಎಂದು ಅವರೇ ಹೇಳಿದ್ದರು. 2001ರಲ್ಲಿ ವಿಕ್ಟರ್ ಬೆಸಿಲಿ ಜೊತೆ ಬರೆದ ಲೇಖನದಲ್ಲಿ ಅಷ್ಟೇನೂ ಅಪಾಯವಿಲ್ಲದ ಸಣ್ಣ ವ್ಯವಸ್ಥೆಗಳಿಗೆ ಸುಮಾರು 5 ಪಟ್ಟು ಎಂದರು. ತಡವಾದಷ್ಟೂ ಖರ್ಚು ಹೆಚ್ಚು ಎಂಬುದು ಸರಿ, ಎಲ್ಲಕ್ಕೂ 100 ಎಂಬುದು ಸರಿಯಲ್ಲ.

*'ನಾವು ಅಜೈಲ್, ನಮಗೆ ರಿಕ್ವೈರ್‌ಮೆಂಟ್ ಬೇಡ.'* ಅಜೈಲ್‌ನಲ್ಲಿ ಬದಲಾಗುವುದು ಎಷ್ಟನ್ನು, ಯಾವಾಗ, ಯಾವ ರೂಪದಲ್ಲಿ ಬರೆಯಬೇಕು ಎಂಬುದು. ಯೂಸರ್ ಸ್ಟೋರಿ ಕೂಡ ರಿಕ್ವೈರ್‌ಮೆಂಟೇ. ಟೋಕನ್ ಸಾಲಿನ ಪ್ರಶ್ನೆಗಳು ಚಿಕ್ಕ ಚೀಟಿಯ ಮೇಲೆ ಬರೆದ ಮಾತ್ರಕ್ಕೆ ಮಾಯವಾಗುವುದಿಲ್ಲ.

*'ಸರ್ಟಿಫಿಕೇಟ್ ಇದ್ದವರು ಕೆಲಸ ಬಲ್ಲವರು.'* ಬಹು ಆಯ್ಕೆಯ ಪರೀಕ್ಷೆ ಪದಗಳು ಮತ್ತು ವಿಧಾನಗಳು ಗೊತ್ತಿವೆಯೇ ಎಂದು ನೋಡಬಲ್ಲದು. ಮೀಟಿಂಗಿನಲ್ಲಿ ಮೂಲೆಯಲ್ಲಿ ಸುಮ್ಮನೆ ಕೂತ ನರ್ಸ್‌ನಿಂದ ಮಾತು ಹೊರಡಿಸಲು ಬರುತ್ತದೆಯೇ, ಸಾಹೇಬರು ಹೇಳಿದ್ದಕ್ಕೆ 'ಇದು ಆಗುವುದಿಲ್ಲ ಸರ್' ಎನ್ನುವ ಧೈರ್ಯವಿದೆಯೇ ಎಂದು ಅದು ನೋಡಲಾರದು. ಲರ್ನರ್ಸ್ ಲೈಸೆನ್ಸ್‌ನ ಪ್ರಶ್ನೆಪತ್ರಿಕೆಗೂ ರಸ್ತೆಯಲ್ಲಿ ಗಾಡಿ ಓಡಿಸುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ. ಹಾಗೆಂದು ರಸ್ತೆ ಚಿಹ್ನೆ ತಿಳಿಯದವರ ಕೈಗೆ ಗಾಡಿ ಕೊಡುವುದೂ ಜಾಣತನವಲ್ಲ.

ಹಾಗಾದರೆ ಮಾಡಬೇಕೆ, ಬೇಡವೆ?

ನಿಮ್ಮ ಗ್ರಾಹಕರು ಅಥವಾ ನೀವು ಸೇರಬೇಕೆಂದಿರುವ ಕಂಪನಿ ಇದನ್ನು ಕೇಳುತ್ತಿದ್ದರೆ, ಅಥವಾ ಟೆಸ್ಟಿಂಗ್, ಕೋಡಿಂಗ್ ಬಿಟ್ಟು ಈ ಕಡೆ ಬರುವ ಯೋಚನೆ ಇದ್ದರೆ ಫೌಂಡೇಶನ್ ಹಂತ ಒಳ್ಳೆಯ ಆರಂಭ. ಹಲವು ವರ್ಷ ಇದೇ ಕೆಲಸ ಮಾಡಿದ್ದರೆ ಅನುಭವ ಕೇಳುವ ಪ್ರಮಾಣಪತ್ರ ಹೆಚ್ಚು ಹೊಂದೀತು. ಬರೀ ಬಯೋಡೇಟಾಗೆ ಒಂದು ಸಾಲು ಸೇರಿಸಲು ಎಂದಾದರೆ ದುಡ್ಡು ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.

ಹೇಗಿದ್ದರೂ ಮೊದಲ ಹೆಜ್ಜೆಗೆ ಖರ್ಚಿಲ್ಲ. ಫೌಂಡೇಶನ್ ಹಂತದ ಪಠ್ಯಕ್ರಮ, ಕೈಪಿಡಿ, ಪದಕೋಶ ಮತ್ತು ಮಾದರಿ ಪ್ರಶ್ನೆಪತ್ರಿಕೆಯನ್ನು ಐಆರ್‌ಇಬಿ ಉಚಿತವಾಗಿಯೇ ಕೊಡುತ್ತದೆ. ಅವುಗಳನ್ನು ಓದುತ್ತ, ಈಗ ನಿಮ್ಮ ಕೈಯಲ್ಲಿರುವ ಯೋಜನೆಯ ಒಂದು ಪುಟ ತೆಗೆದುಕೊಳ್ಳಿ. ಅದರಲ್ಲಿ 'ಬೇಗ', 'ಸುಲಭವಾಗಿ', 'ಅಗತ್ಯವಿದ್ದರೆ' ಎಂಬಂಥ ಪದಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಬಗ್ಗೆ ಗ್ರಾಹಕರಿಗೆ ಫೋನ್ ಮಾಡಿ, ನೀವು ಏನು ಅರ್ಥ ಮಾಡಿಕೊಂಡಿದ್ದೀರಿ ಎಂದು ಹೇಳಿ, 'ಇದು ಸರಿಯೇ?' ಎಂದು ಕೇಳಿ. ಎಷ್ಟು ಸಲ 'ಅಲ್ಲ, ನಾನು ಹೇಳಿದ್ದು ಹಾಗಲ್ಲ' ಎಂಬ ಉತ್ತರ ಬರುತ್ತದೆ ಎಂದು ಎಣಿಸಿ. ನಿಮಗೆ ಈ ವಿದ್ಯೆ ಎಷ್ಟು ಬೇಕು ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.